ತಂಗಿ ಸಾಕಿದ ಇಲಿಗಳು

ಚನ್ನರಾಯಪಟ್ಟಣ

ಫಿನ್ಲೆಂಡಿಗೆ ಹೋಗಿ ಬಂದೆ ಎಂದರೆ ಊರಿನಲ್ಲಿ ಎಲ್ಲರೂ ಮೊದಲು ಕೇಳುವುದು ಹಿಮದ ವಿಷಯ. ಹಿಮ ನೋಡಿದೆ, ಅದರ ಮೇಲೆ ಜಾರಿಯೂ ಬಿದ್ದೆ. ಆದರೆ ನಾನು ಹೋದದ್ದು ಹಿಮ ನೋಡಲಿಕ್ಕಲ್ಲ, ಫೋನು ಎತ್ತುವುದನ್ನೇ ಬಿಟ್ಟಿದ್ದ ತಂಗಿಯನ್ನು ನೋಡಲಿಕ್ಕೆ.

ತಂಗಿ ಸುನಂದಾ ಅಲ್ಲಿನ ತುರ್ಕು ಎಂಬ ಊರಿನಲ್ಲಿ ವಿಜ್ಞಾನಿ. ನಾವು ಮೂಲತಃ ಜಿನನಾಥಪುರದವರು. ನಾನು ಮದುವೆಯಾಗಿ ಚನ್ನರಾಯಪಟ್ಟಣಕ್ಕೆ ಬಂದು, ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾದವಳು. ಸುನಂದಾ ಓದುತ್ತಾ ಓದುತ್ತಾ ದೂರ ಹೋಗಿ ಅಲ್ಲೇ ಉಳಿದುಬಿಟ್ಟಳು, ಮದುವೆಯಾಗಲಿಲ್ಲ. ನಮ್ಮಿಬ್ಬರಿಗೂ ಹಿರಿಯನೊಬ್ಬ ಅಣ್ಣನಿದ್ದ, ಪದ್ಮಣ್ಣ. ಅವನು ಕುಡಿದು ಸತ್ತ. ಅವನಿಗೂ ಮೊದಲು ನಮ್ಮಪ್ಪ ಹಾಗೆಯೇ ಹೋಗಿದ್ದರು. ನೀರನ್ನೂ ಬಟ್ಟೆಯಲ್ಲಿ ಸೋಸಿ ಕುಡಿಯುವ, ಹೊತ್ತು ಮುಳುಗಿದ ಮೇಲೆ ಅನ್ನ ಮುಟ್ಟದ ಜೈನರ ಮನೆ ನಮ್ಮದು. ಅಲ್ಲಿ ಇಂಥ ಸಾವುಗಳ ಬಗ್ಗೆ ಯಾರೂ ಮಾತಾಡುವುದಿಲ್ಲ. ಅಮ್ಮ ಕಣ್ಣು ಮುಚ್ಚುವವರೆಗೂ ಸಹವಾಸ ದೋಷ ಎಂದೇ ಹೇಳುತ್ತಿದ್ದಳು. ಸುನಂದಾ ಏನು ಕೆಲಸ ಮಾಡುತ್ತಾಳೆ ಎಂದು ಕೇಳಿದವರಿಗೆ ಔಷಧಿ ಕಂಡುಹಿಡಿಯುವ ಕೆಲಸ ಎನ್ನುತ್ತಿದ್ದಳು. ನನಗೂ ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ.

ಆ ವರ್ಷ ಮಳೆಗಾಲ ಕಳೆಯುವ ಹೊತ್ತಿಗೆ ಸುನಂದಾಳ ಫೋನು ಅಪರೂಪವಾಯಿತು, ಆಮೇಲೆ ನಿಂತೇಹೋಯಿತು. ‘ಚೆನ್ನಾಗಿದ್ದೀನಿ, ಕೆಲಸ ಜಾಸ್ತಿ’ ಎಂದು ಮೂರು ಪದದ ಸಂದೇಶ ಬರುತ್ತಿತ್ತು. ನನ್ನ ಗಂಡ, ‘ಹೋಗಿ ನೋಡ್ಕಂಡು ಬಾ, ಇಲ್ಲಿ ಕೂತು ನನ್ ತಲೆ ತಿನ್ಬೇಡ’ ಎಂದರು. ವೀಸಾ ಬಂದದ್ದು ಡಿಸೆಂಬರಿಗೆ. ಆ ದೇಶಕ್ಕೆ ಹೋಗಬಾರದ ತಿಂಗಳು ಅದೊಂದೇ ಎಂದು ಆಮೇಲೆ ತಿಳಿಯಿತು.

ಹೊರಡುವ ಮುನ್ನಾದಿನ ಪದ್ಮಣ್ಣನ ಹೆಂಡತಿ ವಿಮಲಾ ಹೊಳೆನರಸೀಪುರದಿಂದ ಬಸ್ಸಿನಲ್ಲಿ ಬಂದಳು. ಸುನಂದಾಳಿಗೆಂದು ಹುರಿದ ಅವರೆಕಾಳು ತಂದಿದ್ದಳು. ಸೂಟ್‌ಕೇಸಿನಲ್ಲಿ ಅದಕ್ಕೆ ಜಾಗ ಮಾಡುತ್ತಿದ್ದಾಗ ಪಕ್ಕದಲ್ಲಿ ಕುಳಿತು ಮೆಲ್ಲಗೆ ಹೇಳಿದಳು.

“ಸುನಂದನ್ನ ಒಂದು ಮಾತು ಕೇಳ್ಕಂಡು ಬಾ ಅಕ್ಕ. ಅವ್ಳು ಅದ್ನೇ ಓದಿರೋಳಂತೆ.”

“ಏನಂತ ಕೇಳ್ಲಿ?”

“ಅಜಿತಂಗೂ ಬತ್ತದಾ ಅಂತ.”

“ಏನು ಬತ್ತದೆ?”

“ಅವ್ರಪ್ಪಂದು.”

ಅಜಿತ ಅವಳ ಒಬ್ಬನೇ ಮಗ. ಅರಕಲಗೂಡಿನಲ್ಲಿ ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿ ಇಟ್ಟಿದ್ದಾನೆ. ಕೈ ಚುರುಕಿನವನು, ಮಾತು ಕಡಿಮೆ. ಮೂವತ್ತು ದಾಟಿದೆ.

“ಯಾಕೆ, ಏನಾದ್ರೂ ಕಂಡ್ಯಾ?” ಎಂದೆ.

“ವಾಸ್ನೆ ಬಂತು. ಕೇಳುದ್ರೆ ಕೆಮ್ಮಿನ ಔಸ್ದಿ ಅಂದ. ಕೆಮ್ಮೇ ಇರ್ಲಿಲ್ಲ ಅವುಂಗೆ.”

ತುರ್ಕು, ಮಧ್ಯಾಹ್ನದ ಕತ್ತಲು

ವಿಮಾನದಿಂದಿಳಿದು ಬಸ್ಸಿನಲ್ಲಿ ಬಂದ ದಾರಿ ನೆನಪಿಲ್ಲ. ಕಿಟಕಿಯಾಚೆ ಬೂದು ಬಣ್ಣವೊಂದೇ ಇತ್ತು. ಬಸ್ ನಿಲ್ದಾಣದಲ್ಲಿ ಸುನಂದಾ ನಿಂತಿದ್ದಳು. ಕಪ್ಪು ಕೋಟಿನೊಳಗೆ ಅವಳು ಅಷ್ಟೇ ಅಷ್ಟಾಗಿದ್ದಳು. ಕೂದಲು ಪೂರಾ ನೆರೆತಿತ್ತು. ನನ್ನ ತಲೆ ಮೇಲಿದ್ದ ಗಂಡನ ಮಂಕಿ ಕ್ಯಾಪು ನೋಡಿ ನಕ್ಕಳು. “ಇದೇನಕ್ಕ, ದನ ಮೇಯ್ಸಕ್ ಓಗೋಳಂಗೆ ಬಂದಿದ್ದೀಯ.”

ಅವಳ ಕನ್ನಡ ಕೇಳಿ ನನಗೆ ವಿಚಿತ್ರವೆನಿಸಿತು. ನಾವು ಊರಿನಲ್ಲಿದ್ದವರು ಶಾಲೆ, ಟೀವಿ, ಮೊಮ್ಮಕ್ಕಳ ಜೊತೆ ಮಾತು ಬದಲಿಸಿಕೊಂಡಿದ್ದೇವೆ. ಅವಳದ್ದು ಹೊರಟ ದಿನ ಹೇಗಿತ್ತೋ ಹಾಗೇ ಇತ್ತು, ನಮ್ಮಮ್ಮನ ಮಾತು. ಬದಲಿಸಿಕೊಳ್ಳಲು ಅವಳ ಜೊತೆ ಕನ್ನಡ ಆಡುವವರೇ ಇರಲಿಲ್ಲ.

ಮೊದಲನೆಯ ದಿನವೇ ಊಟ ತಪ್ಪಿತು. ಪ್ರಯಾಣದ ಸುಸ್ತಿನಲ್ಲಿ ಮಲಗಿ ಎದ್ದರೆ ಹೊರಗೆ ಗವ್ವೆನ್ನುವ ಕತ್ತಲು. ರಾತ್ರಿಯಾಯಿತೆಂದುಕೊಂಡರೆ ಗಡಿಯಾರದಲ್ಲಿ ಮಧ್ಯಾಹ್ನ ನಾಲ್ಕು. ಹೊತ್ತು ಮುಳುಗಿ ಆಗಿತ್ತು.

“ಇಲ್ಲಿ ನಿನ್ ನೇಮ ಇಟ್ಕಂಡ್ರೆ ಉಪಾಸ ಬಿದ್ದು ಸಾಯ್ತೀಯ ಕಣಕ್ಕ,” ಎಂದಳು ಸುನಂದಾ. “ಬ್ಯಾಸ್ಗೇಲಿ ಬಂದಿದ್ರೆ ಮಲಗೋ ಹೊತ್ನಲ್ಲೂ ಬಿಸ್ಲು ಇರ್ತಿತ್ತು. ಯಾವಾಗ ಬೇಕಾದ್ರೂ ಉಣ್ಬೋದಿತ್ತು.”

ಅನ್ನ ಬಿಟ್ಟು ಹಾಲು ಕುಡಿದು ಮಲಗಿದೆ. ಮರುದಿನ ಮಾರುಕಟ್ಟೆಗೆ ಹೋದರೆ ಅಲ್ಲಿನ ತರಕಾರಿಯೆಲ್ಲ ನೆಲದೊಳಗಿನಿಂದ ಬಂದದ್ದು: ಆಲೂಗಡ್ಡೆ, ಕ್ಯಾರೆಟ್ಟು, ಬೀಟ್‌ರೂಟು, ಹೆಸರು ಗೊತ್ತಿಲ್ಲದ ಇನ್ನೆರಡು ಗೆಡ್ಡೆ. ನಮ್ಮ ಮನೆಯಲ್ಲಿ ಗೆಡ್ಡೆಗೆಣಸು ತಿನ್ನುವುದಿಲ್ಲ. ನೆಲದ ಮೇಲೆ ಬೆಳೆದದ್ದು ಒಂದು ಎಲೆಕೋಸು ಸಿಕ್ಕಿತು. ಅಲ್ಲಿದ್ದಷ್ಟು ದಿನವೂ ಅದೇ ಎಲೆಕೋಸು.

ಆ ಮಾರುಕಟ್ಟೆಯಿಂದ ಬರುವಾಗಲೇ ನಾನು ಬಿದ್ದದ್ದು. ನದಿಯ ಕಡೆಗೆ ಇಳಿಯುವ ರಸ್ತೆ, ಗಾಜಿನಂತೆ ಹೆಪ್ಪುಗಟ್ಟಿತ್ತು. ಎಲೆಕೋಸು ಒಂದು ಕಡೆ, ನಾನು ಒಂದು ಕಡೆ. ಹಿಂದೆ ಬರುತ್ತಿದ್ದ ದಪ್ಪನೆಯ ಮನುಷ್ಯನೊಬ್ಬ ಎರಡೂ ಕಂಕುಳಿಗೆ ಕೈ ಕೊಟ್ಟು ನನ್ನನ್ನು ಎತ್ತಿ ನಿಲ್ಲಿಸಿದ. ಎಲೆಕೋಸು ತಂದು ಕೈಗಿತ್ತ. ತಲೆಯಾಡಿಸಿದ. ಒಂದು ಮಾತಿಲ್ಲದೆ ಹೊರಟುಹೋದ. ಚನ್ನರಾಯಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ಬಿದ್ದಿದ್ದರೆ ಹತ್ತು ಜನ ಸೇರಿ, ಸೋಡಾ ತರಿಸಿ, ಯಾವೂರು, ಯಾರ ಮನೆ, ಸಕ್ಕರೆ ಕಾಯಿಲೆ ಇದೆಯಾ ಎಂದೆಲ್ಲ ಕೇಳಿ ಮನೆಯವರೆಗೆ ಬಿಟ್ಟುಬರುತ್ತಿದ್ದರು. ಅಲ್ಲಿನವರು ಕೆಟ್ಟವರಲ್ಲ. ಬಸ್ಸಿಗೆ ಕಾಯುವಾಗಲೂ ಒಬ್ಬೊಬ್ಬರ ನಡುವೆ ಎಮ್ಮೆ ಹಾಯುವಷ್ಟು ಜಾಗ ಬಿಟ್ಟು ನಿಲ್ಲುತ್ತಾರೆ. ಮೊದಮೊದಲು ನನಗೆ ಅದು ಮರ್ಯಾದೆಯಂತೆ ಕಂಡಿತು. ಸುನಂದಾ ಇಷ್ಟು ವರ್ಷ ಆ ಜಾಗದೊಳಗೇ ಬದುಕಿದ್ದಳು ಎಂದು ಹೊಳೆದ ಮೇಲೆ ಬೇರೆ ರೀತಿ ಕಂಡಿತು.

ಫೋನು ಯಾಕೆ ಎತ್ತಲಿಲ್ಲ ಎಂದು ಕೇಳಿದೆ. “ಏಳ್ತೀನಿ ಇರು,” ಎಂದಳು. ಹೇಳಲಿಲ್ಲ.

ಐನೊ ಅವರ ಕಾಫಿ

ಸುನಂದಾ ಕೆಲಸಕ್ಕೆ ಹೋದಾಗ ನನಗೆ ಸಿಕ್ಕ ಒಂದೇ ಜೊತೆ ಕೆಳಗಿನ ಮನೆಯ ಐನೊ. ಎಂಬತ್ತರ ಹತ್ತಿರದ ಹೆಂಗಸು. ಆ ದೇಶದವರು ಮನೆಯೊಳಗೆ ಚಪ್ಪಲಿ ಹಾಕುವುದಿಲ್ಲ ಎಂಬುದು ನನಗೆ ತುಂಬ ಇಷ್ಟವಾಯಿತು. ಐನೊ ಮನೆ ಬಾಗಿಲಲ್ಲಿ ಬೂಟು ಬಿಚ್ಚಿಟ್ಟು ಒಳಗೆ ಹೋದಾಗ ಜಿನನಾಥಪುರದಲ್ಲಿ ಯಾರದೋ ಮನೆಗೆ ಹೋದ ಹಾಗನ್ನಿಸಿತು. ಆಕೆ ಏಲಕ್ಕಿ ಹಾಕಿದ ಬನ್ನು ಕೊಟ್ಟರು. ನಮ್ಮ ಕಡೆಯಿಂದಲೋ ಏನೋ, ಅಷ್ಟು ದೂರ ಹೋದ ಏಲಕ್ಕಿ. ಆಕೆಗೂ ಇಂಗ್ಲಿಷು ಅಷ್ಟಕ್ಕಷ್ಟೆ, ನನಗೂ ಅಷ್ಟಕ್ಕಷ್ಟೆ. ಆದ್ದರಿಂದ ಸುತ್ತುಬಳಸಿ ಮಾತಾಡಲು ಇಬ್ಬರಿಗೂ ಆಗುತ್ತಿರಲಿಲ್ಲ.

ಗೋಡೆಯ ಮೇಲೊಂದು ಫೋಟೋ. ಗಂಡನಾ ಎಂದೆ.

ಹೌದು, ಕುಡಿದು ಸತ್ತ ಎಂದರು. ಮಗನೂ ಕುಡಿಯುತ್ತಾನೆ, ಉತ್ತರದಲ್ಲಿ ಇದ್ದಾನೆ, ಕ್ರಿಸ್‌ಮಸ್ಸಿಗೆ ಬಂದರೂ ಬರಬಹುದು, ಬಾರದೆಯೂ ಇರಬಹುದು. ಇವತ್ತು ಚಳಿ ಎನ್ನುವ ಹಾಗೆ ಹೇಳಿದರು. ನಾನು ಬನ್ನು ಕೈಯಲ್ಲಿ ಹಿಡಿದು ಕುಳಿತಿದ್ದೆ. ನಮ್ಮ ಮನೆಯಲ್ಲಿ ಎರಡು ಸಾವಿಗೂ ಬಾರದ ಮಾತು, ಭೇಟಿಯಾದ ಎರಡನೇ ದಿನಕ್ಕೆ, ಕಾಫಿಯ ಜೊತೆ.

“ನನ್ನ ಅಣ್ಣ,” ಎಂದೆ. “ನನ್ನ ಅಪ್ಪ.” ಇಂಗ್ಲಿಷಿನಲ್ಲಿ ಅಷ್ಟು ಹೇಳುವುದು ಸುಲಭವಾಗಿತ್ತು. ಕನ್ನಡದಲ್ಲಿ ನಾನು ಹಾಗೆ ಯಾರ ಮುಂದೆಯೂ ಹೇಳಿರಲಿಲ್ಲ.

ಐನೊ ನನ್ನ ಬಟ್ಟಲಿಗೆ ಇನ್ನಷ್ಟು ಕಾಫಿ ಹಾಕಿದರು.

ಇಲಿಗಳ ಮನೆ

ಮರುದಿನ ಸುನಂದಾ ತಾನಾಗಿಯೇ, “ನಡಿ, ನನ್ ಕೆಲ್ಸ ತೋರುಸ್ತೀನಿ,” ಎಂದಳು.

ನಿಲುವಂಗಿ, ತಲೆಗೆ ಟೋಪಿ, ಕಾಲಿಗೆ ಪ್ಲಾಸ್ಟಿಕ್ ಚೀಲ ಹಾಕಿಸಿ ಒಳಗೆ ಕರೆದುಕೊಂಡು ಹೋದಳು. ಹೊರಗಿನ ಚಳಿಯಿಂದ ಬಂದವಳಿಗೆ ಒಳಗೆ ಹಿತವಾಗಿ ಬೆಚ್ಚಗಿತ್ತು. ಮರದ ಹೊಟ್ಟು, ಕಾಳಿನ ವಾಸನೆ. ಗೋಡೆಯುದ್ದಕ್ಕೂ ಹಲಗೆಗಳ ಮೇಲೆ ಪಂಜರಗಳು, ಪ್ರತಿ ಪಂಜರದಲ್ಲೂ ಇಲಿ. ಪಕ್ಕದ ಕೋಣೆಯಲ್ಲೂ ಅಷ್ಟೇ ಇಲಿ. ಎಲ್ಲಕ್ಕೂ ಮುಂದೆ ಎರಡೆರಡು ಸೀಸೆ ತೂಗುಹಾಕಿತ್ತು.

“ಒಂದ್ರಲ್ಲಿ ನೀರು,” ಎಂದಳು ಸುನಂದಾ. “ಇನ್ನೊಂದ್ರಲ್ಲಿ ನೀರಿಗೆ ಸಾರಾಯಿ ಬೆರ್ಸಿರ್ತೀವಿ. ಯಾವ್ದು ಬೇಕೋ ಅದ್ನ ಕುಡೀಬೋದು. ಈ ಕ್ವಾಣೇಲಿರೋವು ಸಾರಾಯಿ ಸೀಸೆಗೇ ಓಯ್ತವೆ. ಆ ಕ್ವಾಣೇವು ಅದ್ರ ಅತ್ರ ಮೂಸೂ ನೋಡಲ್ಲ.”

“ಯಾಕಂಗೆ?”

“ಉಟ್ಟಿನಿಂದ ಅಂಗೆ. ಮೊದ್ಲು ಎಲ್ಲಾ ಒಂದೇ ಥರ ಇಲಿಗಳೇಯ. ಜಾಸ್ತಿ ಕುಡಿಯೋವ್ನ ಜಾಸ್ತಿ ಕುಡಿಯೋವ್ರ ಜೊತೇಲೇ ಕೂಡುಸ್ತಾ ಬಂದ್ರು. ಕುಡೀದೇ ಇರೋವ್ನ ಕುಡೀದೇ ಇರೋವ್ರ ಜೊತೆ. ಎಷ್ಟೋ ತಲೆಮಾರು ಕಳುದ್ಮೇಲೆ ಎರಡು ವಂಶ ಆಯ್ತು.”

ಮೆದುಳಿನಲ್ಲೇ ವ್ಯತ್ಯಾಸವಿದೆ ಎಂದಳು. ಖುಷಿಯ ಸುದ್ದಿಯನ್ನು ಒಂದು ನರದಿಂದ ಇನ್ನೊಂದಕ್ಕೆ ಮುಟ್ಟಿಸುವ ರಸಗಳು ಮೆದುಳಿನಲ್ಲಿರುತ್ತವಂತೆ. ಎರಡು ವಂಶಗಳಲ್ಲಿ ಅವು ಒಂದೇ ರೀತಿ ಕೆಲಸ ಮಾಡುವುದಿಲ್ಲ. ಅದೇ ಮದ್ದು, ಅದೇ ಅಳತೆ, ಒಂದು ವಂಶಕ್ಕೆ ನಾಟುವಷ್ಟು ಇನ್ನೊಂದಕ್ಕೆ ನಾಟುವುದಿಲ್ಲ. ಮೂಲೆಯಲ್ಲಿ ಒಂದು ಮಣೆಯಿತ್ತು, ಒಂದು ಕಡೆಯಿಂದ ಮೇಲೆತ್ತಿ ಓರೆ ಮಾಡುವಂಥದ್ದು. ಬೇರೆ ಕೆಲವು ಇಲಿಗಳಿಗೆ ಸಾರಾಯಿ ಕೊಟ್ಟು ಆ ಮಣೆಯ ಮೇಲೆ ಬಿಡುತ್ತಿದ್ದರಂತೆ. ಕೆಲವು ತಟ್ಟನೆ ಜಾರುತ್ತವೆ. ಕೆಲವಕ್ಕೆ ಅಷ್ಟೇ ಕೊಟ್ಟರೂ ಕಾಲು ಊರಿ ನಿಲ್ಲುತ್ತವೆ.

“ಜಾರ್ದೇ ಇರೋವು ಗಟ್ಟಿ ಇಲಿಗಳು ಅನ್ನು,” ಎಂದೆ.

ಸುನಂದಾ ನನ್ನ ಕಡೆ ತಿರುಗಿದಳು. “ಪದ್ಮಣ್ಣ ಎಷ್ಟು ಕುಡುದ್ರೂ ಸೈಕಲ್ ನೆಟ್ಟಗೆ ತುಳ್ಕಂಡು ಬತ್ತಿದ್ದ. ನೆಪ್ಪೈತಾ?”

ನೆನಪಿತ್ತು. ಶ್ರವಣಬೆಳಗೊಳದಿಂದ ಕೆರೆ ಏರಿಯ ಮೇಲೆ ಒಂದಿಷ್ಟೂ ಅಲುಗದೆ ಬರುತ್ತಿದ್ದ. ಅವನ ಸ್ನೇಹಿತರು ಅದನ್ನು ಹೊಗಳುತ್ತಿದ್ದರು. ಅಮ್ಮನೂ, ‘ನನ್ನ ಮಗ ಬೀದೀಲಿ ಬಿದ್ದು ಮಾನ ಕಳೀಲಿಲ್ಲ’ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದಳು.

“ಅದೇ ಕೆಟ್ಟ ಗುರ್ತು ಕಣಕ್ಕ. ಮೈ ಸಾಕು ಅನ್ನೋದು ಲೇಟು. ಸಾಕು ಅನ್ನೋ ಹೊತ್ಗೆ ಬಾಳ ಒಳಗೆ ಓಗಿರ್ತದೆ. ನಂಗೆ ಇದು ಇಲ್ಲಿ ಬಂದ್ಮೇಲೆ ಗೊತ್ತಾಯ್ತು. ಅಷ್ಟೊತ್ಗೆ ಅವ್ನು ಓಗಿದ್ದ.”

ಕುಡಿಯುವ ಇಲಿಗಳಿಗೆ ಕೊಟ್ಟರೆ ಕುಡಿತ ಇಳಿಸುವ ಒಂದು ಮದ್ದು ಇದೆ, ಮನುಷ್ಯರಿಗೂ ಅದನ್ನು ಮಾತ್ರೆಯಾಗಿ ಕೊಡುತ್ತಾರೆ ಎಂದಳು. ಕೆಲವರಿಗೆ ಹಿಡಿಯುತ್ತದೆ, ಕೆಲವರಿಗಿಲ್ಲ. ನಮ್ಮಲ್ಲಿ ಸಿಗುತ್ತದೆಯೇ ಎಂದು ಕೇಳಿದೆ. “ನಮ್ ಆಸನದ ಆಸ್ಪತ್ರೇಲೇ ಸಿಗ್ತದೆ. ಯಾರೂ ಕೇಳಿರಲ್ಲ, ಅಷ್ಟೇಯ.”

ಆಗ ನಾನು ವಿಮಲಾಳ ಪ್ರಶ್ನೆ ಕೇಳಿದೆ. ಒಂದು ಇಲಿ ಹಿಂಗಾಲ ಮೇಲೆ ನಿಂತು ಸೀಸೆಯ ತುದಿಯನ್ನು ನೆಕ್ಕುತ್ತಿತ್ತು. ಅದನ್ನು ನೋಡುತ್ತಾ ಸುನಂದಾ ಉತ್ತರಿಸಿದಳು.

“ಕುಡ್ತ ಬರಲ್ಲ ಅಂತ ಏಳು. ಕುಡುದ್ರೆ ಬಿಡೋದು ಕಷ್ಟ ಆಗೋಂಥ ಮೈ ಬಂದಿರ್ಬೋದು. ಬರ್ದೇನೂ ಇರ್ಬೋದು. ಈ ಇಲಿಗಳ್ನ ನಾವು ಆರ್ಸಿ ಆರ್ಸಿ ಉಟ್ಟುಸ್ದೋ. ಅಜಿತನ್ನ ಯಾರೂ ಅಂಗೆ ಉಟ್ಟುಸ್ಲಿಲ್ಲ. ಅವನಲ್ಲಿ ವಿಮ್ಲನೂ ಅವ್ಳೆ.”

“ಇಷ್ಟು ವರ್ಷ ಓದಿ ಇಷ್ಟೇನಾ?”

“ಇಷ್ಟೇಯ. ಇನ್ನೊಂದೈತೆ. ಈ ಸೀಸೆ ತೂಗಾಕೋರು ನಾವು. ಇಲಿ ತಾನಾಗಿ ಅಂಗ್ಡಿಗೆ ಓಗಲ್ಲ.”

ಹೊರಗೆ ಬಂದು ಕೋಟು ಹಾಕಿಕೊಳ್ಳುವಾಗ ಫೋನು ಎತ್ತದಿದ್ದ ಕಾರಣ ಹೇಳಿದಳು. ಆ ಪ್ರಾಣಿಗಳ ಮನೆಯನ್ನು ಮುಚ್ಚುತ್ತಿದ್ದರು. ಈಗಿನ ಪ್ರಯೋಗಗಳಿಗೆ ಇಂಥ ಇಲಿಗಳು ಬೇಡವಂತೆ, ಅವಳೂ ನಿವೃತ್ತಿಯ ಅಂಚಿನಲ್ಲಿದ್ದಳು. ಆ ವಾರಾಂತ್ಯದೊಳಗೆ ಎರಡು ವಂಶಗಳೂ ಮುಗಿಯಬೇಕಿತ್ತು.

“ಕೊಲ್ತಾರಾ?” ಎಂದೆ.

“ಕೊಲ್ತೀವಿ,” ಎಂದಳು.

ನದಿಯ ಮೇಲೆ

ಮನೆಗೆ ಬಂದು ನಾನು ಬಹಳ ಮಾತಾಡಿದೆ. ಯಾರಿಗಾದರೂ ಸಾಕಲು ಕೊಡಿ ಎಂದೆ. ಪ್ರಯೋಗದ ಪ್ರಾಣಿಗಳನ್ನು ಹಾಗೆ ಕೊಡಲು ಬಿಡುವುದಿಲ್ಲ ಎಂದಳು. ಹೊರಗೆ ಬಿಟ್ಟುಬಿಡಿ ಎಂದೆ. ಅವಳು ಕಿಟಕಿಯ ಕಡೆ ಕೈ ತೋರಿಸಿದಳು. ಹಿಮ ಬೀಳುತ್ತಿತ್ತು. ಆ ಚಳಿಯಲ್ಲಿ ಅವು ಒಂದು ಹಗಲೂ ಬದುಕುತ್ತಿರಲಿಲ್ಲ, ಅಲ್ಲಿನ ಹಗಲು ಎಷ್ಟು ಚಿಕ್ಕದಾದರೂ.

“ಇಷ್ಟು ದಿನ ನೀನೇ ಕೊಲ್ತಿದ್ಯಾ?”

“ಮೆದುಳು ನೋಡ್ಬೇಕಾದ್ರೆ ಇನ್ನೆಂಗಕ್ಕ?”

ಅಮ್ಮ ಇರುವೆ ಸಾಲು ಕಂಡರೆ ದಾರಿ ಬಿಟ್ಟು ನಡೆಯುತ್ತಿದ್ದಳು. ಅದೇ ಹೊಟ್ಟೆಯಲ್ಲಿ ಹುಟ್ಟಿದವಳು ಇವಳು. ನನಗೆ ಸಿಟ್ಟು ಬಂದಿತ್ತು. ಆದರೆ ಅವಳ ಮುಖ ನೋಡಿದರೆ ಬೈಯಲು ಬಾಯಿ ಬರಲಿಲ್ಲ.

ಇಲಿಗಳ ಕೊನೆಯ ದಿನ ಬೆಳಗ್ಗೆ ನಾನು ಉಪವಾಸ ಎಂದೆ. ಅವಳು ಬ್ರೆಡ್ಡಿನ ಡಬ್ಬ ಮುಚ್ಚಿ, “ನಂಗೂ ಬ್ಯಾಡ,” ಎಂದಳು. ಊರು ಬಿಟ್ಟ ಮೇಲೆ ಅದೇ ಮೊದಲ ಉಪವಾಸವಿರಬೇಕು. ಬರಬೇಡ ಎಂದರೂ ಜೊತೆಗೆ ಹೋದೆ. ಒಳಗೆ ಹೋಗುವ ಧೈರ್ಯವಾಗಲಿಲ್ಲ. ಕೋಟು ನೇತುಹಾಕುವ ಜಾಗದಲ್ಲಿ ಬೆಂಚಿನ ಮೇಲೆ ಕುಳಿತು ಗೊತ್ತಿದ್ದ ಮಂತ್ರವನ್ನೆಲ್ಲ ಹೇಳಿಕೊಂಡೆ. ಯಾವ ಸದ್ದೂ ಕೇಳಿಸಲಿಲ್ಲ. ಸದ್ದಿಲ್ಲದ ಹಾಗೆ, ನೋವಾಗದ ಹಾಗೆ ಮಾಡುವ ಗಾಳಿಯಿದೆಯಂತೆ. ನಡುನಡುವೆ ಸಹೋದ್ಯೋಗಿ ಹೆಂಗಸೊಬ್ಬಳು ಹೊರಬಂದು, ನೀರು ಕುಡಿದು, ನನ್ನ ಕಡೆ ನೋಡದೆ ಒಳಗೆ ಹೋಗುತ್ತಿದ್ದಳು.

ಮುಗಿಸಿ ಬಂದ ಸುನಂದಾ ಎಷ್ಟೋ ಹೊತ್ತು ಕೈ ತೊಳೆದಳು. ಕೋಟು ಹಾಕಿಕೊಂಡಳು, ಅದರ ಜಿಪ್ ಎಳೆಯಲು ಆಗಲಿಲ್ಲ. ನಾನು ಬಗ್ಗಿ ಎಳೆದುಕೊಟ್ಟೆ, ಅವಳು ಚಿಕ್ಕವಳಿದ್ದಾಗ ಲಂಗದ ಲಾಡಿ ಕಟ್ಟುತ್ತಿದ್ದ ಹಾಗೆ.

ಮನೆಗೆ ಹೋಗುವ ದಾರಿಯಲ್ಲಿ ಚಿಕ್ಕದೊಂದು ದೋಣಿ, ನದಿಯ ಈ ದಡದಿಂದ ಆ ದಡಕ್ಕೆ ದಿನವಿಡೀ ಜನರನ್ನು ದಾಟಿಸುತ್ತಿರುತ್ತದೆ. ಆಗಲೇ ಕತ್ತಲಾಗಿತ್ತು. ದೋಣಿಯಲ್ಲಿ ನಾವಿಬ್ಬರೇ. ನೀರಿನ ಮೇಲೆ ಹಿಮದ ಹೆಪ್ಪು ಒಡೆಯುವ ಸದ್ದು.

“ಎರಡು ಕ್ವಾಣೇವೂ ಮುಗುದ್ವಾ?” ಎಂದೆ.

“ಎರಡೂ,” ಎಂದಳು. “ನಾನು ಯಾಕೆ ಮದ್ವೆ ಆಗ್ಲಿಲ್ಲ ಗೊತ್ತಾ ಅಕ್ಕ?”

“ಓದು ಅಂತಿದ್ದೆ.”

“ಓದೇನೂ ಅಡ್ಡ ಬರ್ಲಿಲ್ಲ. ಇಲ್ಲೇ ಜೊತೇಲಿ ಕೆಲ್ಸ ಮಾಡ್ತಿದ್ದ ಒಬ್ಬ. ಒಳ್ಳೇವ್ನು. ಕೇಳ್ದ. ಆಗಲ್ಲ ಅಂದೆ. ಮತ್ತೆ ಕೇಳ್ದ. ಕಾರಣ ಏಳ್ಲಿಲ್ಲ ನಾನು. ಬ್ಯಾರೆ ಊರಿಗೆ ಓದ.”

“ಯಾಕೆ?”

“ಮಕ್ಕಳಾದ್ರೆ ಅಂತ. ಅಪ್ಪ, ಅಣ್ಣ, ಆಮೇಲೆ ನನ್ ಮಗ. ಒಂದು ತೊಟ್ಟೂ ನಾನು ಬಾಯಿಗೆ ಬಿಟ್ಟಿಲ್ಲ ಈ ದೇಸದಲ್ಲಿ. ಕೆಮ್ಮಿನ ಔಸ್ದಿ ಕೂಡ ಓದಿ ನೋಡಿ ತಗಂತೀನಿ.”

ನಾನು ಅವಳ ಕಡೆ ತಿರುಗಿದೆ. “ನೀನೇ ಏಳ್ದೆ, ಬರ್ಬೋದು, ಬರ್ದೇನೂ ಇರ್ಬೋದು ಅಂತ. ಅಜಿತಂಗೆ ಏಳೋಕೆ ಗೊತ್ತಿತ್ತು. ನಿಂಗೆ ಗೊತ್ತಿರ್ಲಿಲ್ವಾ?”

“ಗೊತ್ತಿತ್ತು ಕಣಕ್ಕ. ಗೊತ್ತಿದ್ರೂ ಆಗ್ಲಿಲ್ಲ.”

ದೋಣಿ ದಡ ಮುಟ್ಟಿತು. ನಾವು ಇಳಿಯುವುದನ್ನು ಕಾದು ನಡೆಸುವವನು ಖಾಲಿ ದೋಣಿಯನ್ನು ತಿರುಗಿಸಿಕೊಂಡು ಹೋದ. ನನಗೆ ಇಬ್ಬರು ಮಕ್ಕಳು, ಒಬ್ಬ ಮೊಮ್ಮಗ. ಈ ಯೋಚನೆ ನನ್ನ ತಲೆಗೆ ಒಂದು ದಿನವೂ ಬಂದಿರಲಿಲ್ಲ. ನಾನು ಹೆರುತ್ತಾ ಬೆಳೆಸುತ್ತಾ ಇದ್ದ ವರ್ಷಗಳಲ್ಲಿ ಇವಳು ಆ ಕೋಣೆಗಳಲ್ಲಿ ಇಲಿಗಳನ್ನು ಜೋಡಿ ಮಾಡುತ್ತಿದ್ದಳು.

ಹೊರಡುವ ದಿನ, ಬಂದುಬಿಡು ಊರಿಗೆ ಎಂದೆ. “ಬಂದು ಏನ್ ಮಾಡ್ಲಿ?” ಎಂದಳು. ಅಲ್ಲಿದ್ದು ಏನು ಮಾಡುತ್ತೀಯ ಎಂದು ಕೇಳುವ ಮನಸ್ಸಾಗಲಿಲ್ಲ.

ಹೊಳೆನರಸೀಪುರ

ಬಂದ ವಾರವೇ ಹೊಳೆನರಸೀಪುರಕ್ಕೆ ಹೋದೆ. ಬಿಸಿಲು ಎಷ್ಟಿತ್ತೆಂದರೆ ಬಸ್ಸಿಳಿದವಳೇ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ನಿಂತುಬಿಟ್ಟೆ. ವಿಮಲಾ ಕಾಫಿಗೆ ಇಟ್ಟು, ನಾನು ಬಾಯಿ ತೆರೆಯುವ ಮೊದಲೇ ತಾನೇ ಶುರುಮಾಡಿದಳು. ಅಜಿತ ಈಗ ಮುಚ್ಚಿಡುವುದಿಲ್ಲ, ಕುಡಿಯುತ್ತೇನೆ ಎಂದು ಒಪ್ಪಿಕೊಂಡಿದ್ದಾನೆ.

“ಆದ್ರೆ ನೀನು ಎದುರ್ಕೋಬೇಡ ಅಕ್ಕ,” ಎಂದಳು. “ಅಷ್ಟೇನಿಲ್ಲ. ಎಷ್ಟು ಕುಡುದ್ರೂ ತೂರಾಡಲ್ಲ. ಅರಕಲ್ಗೂಡಿಂದ ಗಾಡಿ ನೆಟ್ಟಗೆ ಓಡುಸ್ಕಂಡು ಬತ್ತಾನೆ. ಗೊತ್ತೇ ಆಗಲ್ಲ.”

ಆಮೇಲೆ ನಾನು ಹೇಳಬೇಕಾದದ್ದನ್ನು ಹೇಳಿದೆ. ಇಲಿಗಳು, ಎರಡು ಸೀಸೆ, ಓರೆ ಮಣೆ. ಅವಳಿಗೆ ಅರ್ಥವಾಗುತ್ತಾ ಬಂದ ಹಾಗೆ ಮುಖದ ಬಣ್ಣ ಇಳಿಯಿತು. ಕಾಫಿ ಉಕ್ಕಿ ಒಲೆಯ ಮೇಲೆ ಹರಿಯಿತು. ಇಬ್ಬರೂ ಏಳಲಿಲ್ಲ.

ಅಜಿತ ಬಂದ ಮೇಲೆ ಅವನಿಗೂ ಹೇಳಿದೆ. ಎಣ್ಣೆಗೈಯನ್ನು ಬಟ್ಟೆಯಿಂದ ಒರೆಸಿಕೊಳ್ಳುತ್ತಾ ಪೂರಾ ಕೇಳಿದ.

“ಅಂಗಾದ್ರೆ ನನ್ ತಪ್ಪೇನೈತೆ?” ಎಂದ. “ಉಟ್ಟಿನಿಂದ ಬಂದದ್ದು. ನಾನೇನ್ ಮಾಡ್ಲಿ?”

ಅಷ್ಟು ದೂರ ಹೋಗಿ ಹೊತ್ತು ತಂದ ಮಾತು ಅವನ ಕೈಗೆ ಹೋಗಿ ಹೀಗಾಯಿತು. ಮಾತ್ರೆಯ ವಿಷಯ ಹೇಳಿದೆ. “ನಾನೇನ್ ಇಲೀನಾ?” ಎಂದು ಎದ್ದು ಹೋದ. ವಿಮಲಾ ಸೆರಗಿನಿಂದ ಒಲೆ ಒರೆಸುತ್ತಾ ಅತ್ತಳು.

ನನಗೆ ತೋಚಿದ್ದು ಒಂದೇ. ಮರುದಿನ ಅರಕಲಗೂಡಿನ ಅವನ ಅಂಗಡಿಗೆ ಹೋಗಿ, ತಾಮ್ರದ ತಂತಿ ಸುತ್ತುತ್ತಿದ್ದವನ ಕೈಗೆ ಫೋನು ಕೊಟ್ಟೆ. ಆ ಕಡೆ ಸುನಂದಾ ಇದ್ದಳು. ಅವನು ಅಂಗಡಿಯ ಹಿಂದಕ್ಕೆ ಹೋದ. ಏನು ಮಾತಾಡಿದರೋ ತಿಳಿಯದು. ಬಹಳ ಹೊತ್ತಿನ ಮೇಲೆ ಬಂದು ಫೋನು ಕೊಟ್ಟು, “ಆಸನಕ್ಕೆ ಯಾವತ್ತು ಓಗಾಣ?” ಎಂದ.

ಹಾಸನ

ಡಾಕ್ಟರು ಚಿಕ್ಕ ವಯಸ್ಸಿನವರು, ನಿಧಾನಸ್ಥರು. ಮನೆಯಲ್ಲಿ ಬೇರೆ ಯಾರಿಗಾದರೂ ಈ ತೊಂದರೆ ಇತ್ತೇ ಎಂದು ಕೇಳಿದರು. ನಾನು ಹೇಳಲು ಹೊರಟೆ. ವಿಮಲಾ ನನ್ನ ಕೈ ಒತ್ತಿ ತಡೆದಳು.

“ಇವರಪ್ಪ ಕುಡ್ದು ಸತ್ರು ಸಾ,” ಎಂದಳು. “ಇವರ ತಾತನೂ ಕುಡ್ದೇ ಸತ್ರು. ಇವ್ನೂ ಅಂಗೇ ಓಗೋದು ಬ್ಯಾಡ.” ದನಿ ಅಲುಗಲಿಲ್ಲ. ಅಜಿತ ನೆಲ ನೋಡುತ್ತಿದ್ದ.

ರಕ್ತ ಪರೀಕ್ಷೆ ಮಾಡಿಸಿ, ಲಿವರ್ ಸರಿಯಿದೆಯೆಂದು ನೋಡಿಕೊಂಡು, ಸುನಂದಾ ಹೇಳಿದ್ದ ಮಾತ್ರೆಯನ್ನೇ ಬರೆದುಕೊಟ್ಟರು. ಇದೊಂದರಿಂದಲೇ ಎಲ್ಲ ಆಗುವುದಿಲ್ಲ, ಬರುತ್ತಿರಬೇಕು ಎಂದರು.

ಎಲ್ಲ ಸರಿಹೋಯಿತು ಎಂದು ಬರೆಯಲು ಆಸೆ. ಹಾಗಾಗಿಲ್ಲ. ಬೇಸಿಗೆಯವರೆಗೆ ಅಜಿತ ಮುಟ್ಟಲಿಲ್ಲ. ವಿಮಲಾ ಫೋನಿನಲ್ಲಿ ನಗಲು ಶುರುಮಾಡಿದ್ದಳು. ಆಮೇಲೆ ಮಾತ್ರೆ ಬಿಟ್ಟ, ಮತ್ತೆ ಕುಡಿದ. ಮಳೆ ಹಿಡಿದ ಮೇಲೆ ತಾನಾಗಿಯೇ ಹಾಸನಕ್ಕೆ ಹೋಗಿ ಬಂದ. ಈಗ ಮೊದಲಿಗಿಂತ ಕಡಿಮೆ. ಕೆಲವು ವಾರ ಏನೂ ಇಲ್ಲ. ಕೆಲವು ಸಂಜೆ ಅವನ ಗಾಡಿಯ ಸದ್ದು ಕೇಳಿದರೆ ವಿಮಲಾ ಬಾಗಿಲಿಗೆ ಬಂದು ನಿಂತು, ಅವನು ನಡೆಯುವುದನ್ನು ನೋಡುತ್ತಾಳೆ. ನೆಟ್ಟಗೆ ನಡೆದು ಬಂದರೆ ಅವಳಿಗೀಗ ಸಮಾಧಾನವಾಗುವುದಿಲ್ಲ.

ಸುನಂದಾ ಅಲ್ಲೇ ಇದ್ದಾಳೆ. ಐನೊ ಅವರಿಗೆ ಮಂಡಿ ನೋವು ಹೆಚ್ಚಾಗಿ, ಅವರಿಗೆ ಬೇಕಾದ ಸಾಮಾನು ಇವಳೇ ತಂದುಕೊಡುತ್ತಾಳಂತೆ. ನನ್ನ ಫೋನು ಎತ್ತುತ್ತಾಳೆ, ಆದರೆ ಮಾತು ಬೇಗ ಮುಗಿಸುತ್ತಾಳೆ. ಅವಳು ಬಿಡುವಾಗಿ ಮಾತಾಡುವುದು ಅಜಿತನ ಜೊತೆ. ಅವನೂ ಅವ್ವನಿಗೆ, ಡಾಕ್ಟರಿಗೆ ಹೇಳದ್ದನ್ನೆಲ್ಲ ಅವಳಿಗೆ ಹೇಳುತ್ತಾನೆಂದು ಕಾಣುತ್ತದೆ.

ಮೊನ್ನೆ ಭಾನುವಾರ ಅವರ ಮನೆಗೆ ಹೋಗಿದ್ದೆ. ಬಟ್ಟೆ ಒಣಹಾಕಲು ಹಿತ್ತಲಿಗೆ ಹೋದರೆ ಅಜಿತ ನನಗೆ ಬೆನ್ನು ಮಾಡಿ, ತೊಟ್ಟಿಯ ಪಕ್ಕ ನಿಂತು ಫೋನಿನಲ್ಲಿ ಮಾತಾಡುತ್ತಿದ್ದ. ಬಹಳ ಹೊತ್ತು ಕೇಳಿಸಿಕೊಂಡ. ಆಮೇಲೆ ಮೆಲ್ಲಗೆ ಹೇಳಿದ.

“ನೀನು ಅವತ್ತು ಕೇಳ್ದೋನ್ನ ಮದ್ವೆ ಆಗ್ಬೇಕಿತ್ತು ಕಣತ್ತೆ.”

ಅವನು ಫೋನು ಕಿವಿಯಿಂದ ತೆಗೆಯದೆ ಹಾಗೇ ನಿಂತಿದ್ದ.